ಏಳನೇ ತೂಬಿನ ಗಾಜು

ಕಾಲುವೆ ಕೇಂದ್ರದ ಗಣಕದಲ್ಲಿದ್ದ ‘ಕೈಗನ್ನಡಿ’ ನೋಡಲು ಏನೂ ಚೆಂದವಿರಲಿಲ್ಲ. ಕಪ್ಪು ಪರದೆಯ ಮೇಲೆ ಮಿಣುಕುವ ಒಂದು ಬಿಳಿ ಗೆರೆ, ಅಷ್ಟೆ. ಆ ಗೆರೆಯ ಮುಂದೆ ಒಂದು ಸಾಲು ಬರೆದು ಗುಂಡಿ ಒತ್ತಿದರೆ, ಇನ್ನೂ ತಯಾರಾಗದ ಯಂತ್ರದ ಮುಖವನ್ನು ಅದು ತೋರಿಸುತ್ತಿತ್ತು. ಇನ್ನೊಂದು ಸಾಲು ಬರೆದರೆ ಆ ಮುಖದ ಮೇಲೆ ಜನರ ಕೈಗಳನ್ನು ಓಡಾಡಿಸಿ, ಯಾರು ಎಲ್ಲಿ ತಪ್ಪುತ್ತಾರೆಂದು ಹೇಳುತ್ತಿತ್ತು.

ಆ ಕೈಗಳೆಲ್ಲ ನಿಜವಾದ ಜನರವು. ಎರಡು ವರ್ಷ ಕಾಲುವೆ ಕೇಂದ್ರದವರು ಊರೂರು ಸುತ್ತಿ ಆರುನೂರ ಹನ್ನೆರಡು ಮಂದಿಯನ್ನು ಕರೆತಂದು, ಮುಟ್ಟಿದರೆ ಕೆಲಸ ಮಾಡುವ ಗಾಜಿನ ಹಲಗೆಯ ಮುಂದೆ ಕೂರಿಸಿದ್ದರು. ಬೆರಳಿಗೆ ತೆಳು ತಂತಿಯ ಕೈಗವಸು ತೊಡಿಸಿ, ಅವರವರ ಕೈಯ ರೂಢಿಯನ್ನು ದಾಖಲು ಮಾಡಿಕೊಂಡಿದ್ದರು. ಯಾರ ಬೆರಳು ನಡುಗುತ್ತದೆ, ಯಾರದು ಧೊಪ್ಪೆಂದು ಬೀಳುತ್ತದೆ, ಯಾರು ಒತ್ತುವ ಮುಂಚೆ ಒಂದು ಗಳಿಗೆ ತಡೆಯುತ್ತಾರೆ, ಎಲ್ಲವೂ ಅದರಲ್ಲಿತ್ತು. ಒಮ್ಮೆ ದಾಖಲಾದ ಕೈ ತಾನೆಂದೂ ಕಾಣದ ಯಂತ್ರವನ್ನೂ ನಡೆಸಬಲ್ಲದು. ಆ ಹೊತ್ತಿಗೆ ಕೈಯ ಒಡೆಯ ತನ್ನ ಮನೆಯಲ್ಲಿ ಕೂತು ರೊಟ್ಟಿ ತಿನ್ನುತ್ತಿರಬಹುದು.

ಕನಕವ್ವ ಆ ಕೇಂದ್ರಕ್ಕೆ ಬಂದದ್ದು ಕಸ ಗುಡಿಸಲು. ಎಂಟನೇ ತರಗತಿಗೇ ಶಾಲೆ ಬಿಟ್ಟವಳು. ಯಾರಾದರೂ ಹೆಸರು ಕೇಳಿದರೆ ಮೊದಲು ನೆಲ ನೋಡಿ ಆಮೇಲೆ ಹೇಳುವವಳು. ಆದರೆ ಗಾಜಿನ ಮುಂದೆ ಕೂತ ಹೆಂಗಸರು ಕೈಗವಸು ಕಂಡು ಹಿಂಜರಿದಾಗ, ಪೊರಕೆ ಬದಿಗಿಟ್ಟು ಬಂದು, ಅವರ ಬಳೆಗಳನ್ನು ಮೆಲ್ಲಗೆ ಮೇಲೆ ಸರಿಸಿ ತೊಡಿಸುತ್ತಿದ್ದವಳು ಅವಳೇ. ಅದನ್ನು ನಾಲ್ಕು ದಿನ ಗಮನಿಸಿದ ಪ್ರಮೀಳಾ ಮೇಡಂ ಅವಳನ್ನು ಒಳಗೆ ಕರೆದು ಮೂರು ಪದ ಕಲಿಸಿದರು. ತೋರಿಸು. ಆಡಿಸು. ಕತ್ತರಿಸು. ‘ಮರಳಿಸು’ ಎಂಬ ನಾಲ್ಕನೆಯದೂ ಒಂದಿತ್ತು. ಅದು ನಿನಗೆ ಬೇಕಾಗುವುದಿಲ್ಲ ಎಂದಿದ್ದರು.

ಕತ್ತರಿಸುವುದೇ ಅವಳ ಮುಖ್ಯ ಕೆಲಸವಾಯಿತು. ಗಾಜಿನ ಮುಂದೆ ಕೂತವರು ಹೇಳಿದ ಕೂಡಲೇ ಕೆಲಸ ಶುರು ಮಾಡುತ್ತಿರಲಿಲ್ಲ. ಸೆರಗಿಗೆ ಕೈ ಒರೆಸುವುದು, ಅಲ್ಲಿ ಇಲ್ಲಿ ತಡವುವುದು ಇದ್ದೇ ಇತ್ತು. ಪರದೆಯ ಮೇಲೆ ಅವರ ಮುಖ ಕಾಣದು. ಕೈ ಗಾಜಿನ ಹತ್ತಿರ ಬಂದಾಗ ಐದು ಬಿಳಿ ಚುಕ್ಕೆ, ದೂರ ಹೋದರೆ ಏನೂ ಇಲ್ಲ. ಕನಕವ್ವ ಆ ಚುಕ್ಕೆಗಳನ್ನು ನೋಡುತ್ತ, ನಿಜವಾದ ಕೆಲಸ ಎಲ್ಲಿಂದ ಮೊದಲಾಗುತ್ತದೋ ಅಲ್ಲಿ ಒಂದು ಹಸಿರು ಗೆರೆ ಇಡಬೇಕು. ಗೆರೆಯ ಮೇಲೆ ‘ಕೆಲಸ ಇಲ್ಲಿಂದ ಶುರು’ ಎಂದು ಬರೆದಿರುತ್ತದೆ. ಅದಕ್ಕೂ ಮುಂಚಿನದನ್ನೆಲ್ಲ ಕತ್ತರಿಸಿ ‘ಕಸ’ ಎಂಬ ಡಬ್ಬಿಗೆ ಹಾಕಬೇಕು. ವರ್ಷವಿಡೀ ಅದನ್ನೇ ಮಾಡಿ ಮಾಡಿ, ಬರೀ ಚುಕ್ಕೆ ನೋಡಿ ಇದು ದರ್ಜಿಯ ಕೈ, ಇದು ಬಸ್ಸು ಓಡಿಸುವವನದು, ಇದು ರೊಟ್ಟಿ ಬಡಿಯುವವಳದು ಎಂದು ಹೇಳುವಷ್ಟು ಅವಳಿಗೆ ಬಂದಿತ್ತು.

ಆ ಶುಕ್ರವಾರ ಏಳನೇ ತೂಬಿನ ಗಾಜಿಗೆ ಕೊನೆಯ ಪರೀಕ್ಷೆ. ದೊಡ್ಡ ಕಾಲುವೆಯ ತೂಬುಗಳಿಗೆಲ್ಲ ಕಬ್ಬಿಣದ ಚಕ್ರ ತೆಗೆದು ಗಾಜು ಕೂರಿಸುವುದೆಂದು ತೀರ್ಮಾನವಾಗಿತ್ತು. ಮೊದಲನೆಯದು ಏಳನೆಯದೇ. ಸೋಮವಾರ ಬೆಳಿಗ್ಗೆ ಅದು ಚಾಲೂ ಆಗಬೇಕು.

“ಆಡಿಸಮ್ಮ,” ಎಂದರು ಪ್ರಮೀಳಾ ಮೇಡಂ, ಅವಳ ಕುರ್ಚಿಯ ಹಿಂದೆ ನಿಂತು.

ಕನಕವ್ವ ಬರೆದಳು: ಆಡಿಸು ತೂಬು-೭ ಕೈ-ಎಲ್ಲ.

ಗಾಜಿನ ಮೊದಲಿನ ನಮೂನೆಯಲ್ಲಿ ‘ತೆರೆ’ ಒಂದು ಮೂಲೆಯಲ್ಲಿ, ‘ಖಚಿತ’ ಇನ್ನೊಂದು ಮೂಲೆಯಲ್ಲಿ ಇತ್ತು. ತೊಂಬತ್ತು ಕೈಗಳು, ಅದರಲ್ಲೂ ಪೊರೆ ಬಂದ ಕಣ್ಣಿನವರವು, ಎರಡನೆಯ ಗುಂಡಿ ಹುಡುಕಲಾಗದೆ ಸೋತಿದ್ದವು. ಮೇಡಂ ಮೂರು ತಿಂಗಳು ತಲೆ ಕೆಡಿಸಿಕೊಂಡು ಎಲ್ಲವನ್ನೂ ಒಂದೇ ಜಾಗಕ್ಕೆ ತಂದರು. ಗಾಜಿನ ನಡುವೆ ಅಂಗೈಯಗಲದ ಒಂದು ವೃತ್ತ. ಒಮ್ಮೆ ತಟ್ಟಿದರೆ ಗಾಜು ಎಚ್ಚರವಾಗುತ್ತದೆ. ಮತ್ತೊಮ್ಮೆ ತಟ್ಟಿದರೆ, ಹೆಚ್ಚಾಗಿ ಮಾಡುವ ಕೆಲಸವನ್ನು, ಅಂದರೆ ತೂಬು ತೆರೆಯುವುದನ್ನು, ಆರಿಸಿಕೊಳ್ಳುತ್ತದೆ. ಮೂರನೆಯ ಸಲಕ್ಕೆ ಖಚಿತ. ಬೇರೇನಾದರೂ ಬೇಕಿದ್ದರೆ ಗಾಜು ಎಚ್ಚರವಾದ ಮೇಲೆ ಬೆರಳನ್ನು ಪಕ್ಕಕ್ಕೆ ಜಾರಿಸಬೇಕು. ಕಣ್ಣು ಮುಚ್ಚಿಕೊಂಡೂ ಮಾಡಬಹುದು.

ಹತ್ತು ನಿಮಿಷದಲ್ಲಿ ಕಪ್ಪು ಪರದೆಯ ಮೇಲೆ ಉತ್ತರ ಬಂತು. ಕೈ ೬೧೨. ಸೋತದ್ದು ೦.

ಪ್ರಮೀಳಾ ಮೇಡಂ ನಕ್ಕು ಕನಕವ್ವನ ಹೆಗಲು ಒಮ್ಮೆ ಹಿಡಿದು ಬಿಟ್ಟರು. ಮೂರು ತಿಂಗಳಲ್ಲಿ ಅವರು ನಕ್ಕಿದ್ದು ಅದೇ ಮೊದಲು.

* * *

ಕನಕವ್ವನ ತಾಯಿ ಹನುಮವ್ವ ಸಂಜೆ ಮನೆಗೆ ಬರುವಾಗ ಮೊಣಕಾಲಿನವರೆಗೂ ಹೂಳು ಒಣಗಿರುತ್ತಿತ್ತು. ಏಳನೇ ತೂಬಿನ ಕೆಳಗೆ ಕಾಲುವೆ ಒಣಗಿಸಿ ಹೂಳು ತೆಗೆಯುತ್ತಿದ್ದರು. ನಲವತ್ತು ಹೆಂಗಸರ ಗುಂಪು. ತೂಬಿನ ಮೇಲ್ಗಡೆ ಮಾತ್ರ ಊರುಗಳ ಕುಡಿಯುವ ನೀರಿಗಾಗಿ ಕಾಲುವೆಯನ್ನು ದಡದವರೆಗೆ ತುಂಬಿಸಿಟ್ಟಿದ್ದರು. ನಡುವೆ ಇದ್ದದ್ದು ಕಬ್ಬಿಣದ ಗೇಟು ಒಂದೇ.

“ಇನ್ನ ಎಷ್ಟು ದಿನದ ಕೆಲಸಬೇ ಯವ್ವಾ?” ಕನಕವ್ವ ಕೇಳಿದಳು.

“ಎಂಟೊಂಬತ್ತು ದಿನ. ಗೇಟಿನ ಬುಡದಾಗ ಆಳುದ್ದ ಕೂತೈತಿ ಹೂಳು.”

ಬಾಗಿಲಲ್ಲಿ ಮೊಪೆಡ್ ನಿಂತ ಸದ್ದಾಯಿತು. ಹನುಮವ್ವನ ಅಣ್ಣ ಯಮನೂರಪ್ಪ. ಏಳನೇ ತೂಬಿನ ನೀರಗಂಟಿ. ಮೂವತ್ತೊಂದು ವರ್ಷ ಅದೇ ಚಕ್ರ ತಿರುಗಿಸಿದವನು. ಹೆಂಡತಿ ತೌರಿಗೆ ಹೋಗಿದ್ದರಿಂದ ಆ ವಾರ ಅವನ ಊಟ ತಂಗಿಯ ಮನೆಯಲ್ಲೇ.

“ಏನವಾ ಕನಕಿ, ನಿಮ್ಮ ಗಾಜು ಪಾಸಾತೋ ನಪಾಸಾತೋ?”

“ಪಾಸು,” ಎಂದಳು.

“ನೋಡಬೇ ಹನುಮಿ, ನಾನು ಏಳನೇ ಇಯತ್ತೆ ಎರಡು ಸಲ ಕುಂತೆ. ಆ ಗಾಜು ಒಂದ ಏಟಿಗೆ ಪಾಸು!” ಯಮನೂರಪ್ಪ ತಟ್ಟೆ ಎಳೆದುಕೊಂಡು ರೊಟ್ಟಿ ಮುರಿದ. “ಅಲ್ಲ, ಒಂದು ಕೇಳ್ತೀನಿ. ಕಾಲುವಿ ಬಂದ್ ಇದ್ದಾಗ ನಾವು ಚಕ್ರಕ್ಕ ಸರಪಳಿ ಸುತ್ತಿ ಬೀಗ ಹಾಕ್ತಿದ್ವಿ. ನಿಮ್ಮ ಗಾಜಿಗೆ ಸರಪಳಿ ಎಲ್ಲಿ ಸುತ್ತೂದು?”

“ಮೂರು ಸಲ ತಟ್ಟಿದ್ರನ ತೆರೀತೈತಿ ಮಾವಾ. ಸುಮ್ಮಸುಮ್ಮನ ತೆರಿಯಂಗಿಲ್ಲ.”

“ಹಂಗಾರ ಸೈ. ನನಗೇನು ತಟ್ಟೂದು ಐತಿ, ಬೆಳಿಗ್ಗೆ ನೀರಿನ ಮಟ್ಟ ನೋಡಿ ಬರಕೊಂಡ್ರ ಆತು.” ಅವನು ತಂಗಿಯ ಕಡೆ ತಿರುಗಿದ. “ಸೋಮವಾರ ನೀ ಮ್ಯಾಲ ನೋಡು, ಚಕ್ರ ತಿರುವಿ ಬೆವರೋ ಅಣ್ಣ ಕಾಣಂಗಿಲ್ಲ. ಸಾಹೇಬನಂಗ ಕುರ್ಚಿ ಮ್ಯಾಲ ಕುಂತಿರ್ತೀನಿ.”

“ಕುರ್ಚಿ ಮ್ಯಾಲ ನಿದ್ದಿ ಮಾಡಬ್ಯಾಡ ಅಷ್ಟ. ಕೆಳಗ ನಾವು ಇರ್ತೀವಿ,” ಎಂದು ಹನುಮವ್ವ ಪುಂಡಿಪಲ್ಯ ಬಡಿಸಿದಳು.

ಊಟ ಮುಗಿದಾಗ ಇನ್ನೂ ಬೆಳಕಿತ್ತು. ಕನಕವ್ವ ನೀರಿನ ಕೊಡ ತೊಳೆಯಲು ಹೊರಗೆ ಬಂದಳು. ಯಮನೂರಪ್ಪ ಮೊಪೆಡ್ ಹತ್ತಿ, ಕೀಲಿ ತಿರುಗಿಸುವ ಮುಂಚೆ ಹ್ಯಾಂಡಲ್ಲಿನ ನಡುವೆ ಬೆರಳ ತುದಿ ತಾಗಿಸಿ ಕಣ್ಣಿಗೆ ಒತ್ತಿಕೊಂಡ. ಮತ್ತೆ ತಾಗಿಸಿ ಕಣ್ಣಿಗೆ. ಮತ್ತೆ. ಆಮೇಲೆ ಕೀಲಿ ತಿರುಗಿಸಿದ.

ಅವಳು ಹುಟ್ಟಿದಾಗಿನಿಂದ ಅದನ್ನು ಕಂಡಿದ್ದಳು. ಅಂಗಡಿಯವನು ತಕ್ಕಡಿಗೆ, ಬಸ್ಸಿನವನು ಸ್ಟೇರಿಂಗಿಗೆ, ತಾಯಿ ಪ್ರತಿ ಬೆಳಿಗ್ಗೆ ಸಲಿಕೆಗೆ. ಕಂಡೂ ಕಂಡೂ ಅದು ಕಣ್ಣಿಗೆ ಬೀಳುವುದನ್ನೇ ಬಿಟ್ಟಿತ್ತು. ಆದರೆ ಈಗ ಅವಳು ಮಾವನ ಮುಖ ನೋಡಿರಲಿಲ್ಲ, ಬರೀ ಕೈ ನೋಡಿದ್ದಳು. ಐದು ಚುಕ್ಕೆ ಬಂದವು, ಮಾಯವಾದವು. ಬಂದವು, ಮಾಯವಾದವು. ಬಂದವು, ಮಾಯವಾದವು.

ಅದೇ ಕುಣಿತ. ಅವಳು ನೂರಾರು ಸಲ ನೋಡಿ, ಕೆಲಸಕ್ಕೆ ಮುಂಚೆ ಸುಮ್ಮನೆ ತಟ್ಟಿ ನೋಡುತ್ತಾರೆ ಎಂದುಕೊಂಡು, ಹಸಿರು ಗೆರೆ ಅದರಾಚೆ ಇಟ್ಟು ಕತ್ತರಿಸಿ ಕಸದ ಡಬ್ಬಿಗೆ ಹಾಕಿದ್ದು ಅದನ್ನೇ.

ಕೊಡ ಅವಳ ಕೈಯಲ್ಲೇ ಉಳಿಯಿತು. “ಮಾವಾ!” ಎಂದು ಓಡಿದಳು. “ಸೋಮವಾರ ಗಾಜಿಗೆ ನಮಸ್ಕಾರ ಮಾಡಬ್ಯಾಡ.”

“ಗಾಜಿಗ್ಯಾಕ ನಮಸ್ಕಾರ ಮಾಡ್ಲಿ? ನಾನೇನು ದಿನಾ ಮಾಡ್ತೀನೇನು?”

“ಈಗ ಮಾಡಿದಿ ನೋಡು, ಗಾಡಿಗೆ.”

“ನಾನಾ? ಯಾವಾಗ?” ಯಮನೂರಪ್ಪ ನಗುತ್ತ ತಂಗಿಯನ್ನು ಕೂಗಿ ಹೇಳಿದ, “ಏ ಹನುಮಿ, ನಿನ್ನ ಮಗಳಿಗೆ ಆ ಕಪ್ಪು ಪರದೆ ನೋಡಿ ನೋಡಿ ಕಣ್ಣು ಕತ್ಲಿ ಬರ್ತಾವು. ಕಾಡಿಗಿ ಹಚ್ಚು!”

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಗೊತ್ತಿದ್ದು ಮಾಡುವುದನ್ನಾದರೆ ಬೇಡ ಎನ್ನಬಹುದಿತ್ತು.

ಹನುಮವ್ವ ಬಚ್ಚಲಲ್ಲಿ ಹೂಳು ಮೆತ್ತಿದ ಸೀರೆ ತೊಳೆಯುತ್ತಿದ್ದಳು. ಗೇಟಿನ ಬುಡದಲ್ಲಿ ಆಳುದ್ದ ಎಂದಿದ್ದಳು.

* * *

ಶನಿವಾರ ಕನಕವ್ವ ಎಲ್ಲರಿಗಿಂತ ಮೊದಲು ಕೇಂದ್ರಕ್ಕೆ ಬಂದಳು. ಕೂತು, ಎಂದೂ ಬರೆಯದ ಪದ ಬರೆದಳು.

ಮರಳಿಸು ಕೈ-೨೧೪.

ಅದು ಮಾವನ ಕೈ. ಬಲ ತೋರುಬೆರಳು ಸೊಟ್ಟಗಿದ್ದುದರಿಂದ ಅವಳಿಗೆ ಅದರ ಚುಕ್ಕೆಗಳ ಗುರುತಿತ್ತು. ಕಸದ ಡಬ್ಬಿಯಿಂದ ಆರು ಸೆಕೆಂಡಿನ ತುಂಡೊಂದು ಎದ್ದು ಬಂದು ತನ್ನ ಜಾಗದಲ್ಲಿ ಕೂತಿತು. ಆಮೇಲೆ ಬರೆದಳು: ಆಡಿಸು ತೂಬು-೭ ಕೈ-೨೧೪. ಕೆಲಸ, ನೀರಿನ ಮಟ್ಟ ನೋಡುವುದು.

ಚುಕ್ಕೆಗಳು ವೃತ್ತದ ಮೇಲೆ ಬಂದವು. ಗಾಜು ಎಚ್ಚರವಾಯಿತು. ಚುಕ್ಕೆಗಳು ಹೋಗಿ ಬಂದವು. ‘ತೆರೆ’ ಬೆಳಗಿತು. ಹೋಗಿ ಬಂದವು.

ತೂಬು ೭ ತೆರೆದಿದೆ. ಹಿಡಿದ ಹೊತ್ತು: ೫ ಸೆಕೆಂಡು.

ಕೈ ಇನ್ನೂ ಕೆಲಸವನ್ನೇ ಶುರು ಮಾಡಿರಲಿಲ್ಲ.

ಪ್ರಮೀಳಾ ಮೇಡಂ ಬಂದಾಗ ಅವರ ಜೊತೆ ಮುಖ್ಯ ಎಂಜಿನಿಯರ್ ಮಹಾಂತಯ್ಯನವರೂ ಇದ್ದರು. ಗಾಜು ಪಾಸಾದ ಕಾಗದಕ್ಕೆ ಸಹಿ ಹಾಕಲು ಬಂದವರು. ಕೇಂದ್ರ ಕಟ್ಟಿಸಿದ್ದು ಅವರೇ. ಅವರ ಎದುರಿಗೆ ಕನಕವ್ವ ಒಂದು ವರ್ಷದಲ್ಲಿ ಒಂದು ಮಾತೂ ಆಡಿರಲಿಲ್ಲ. ಎದ್ದು ನಿಂತು, ಪರದೆಯನ್ನು ಅವರ ಕಡೆ ತಿರುಗಿಸಿ, ಮತ್ತೊಮ್ಮೆ ಅದೇ ಸಾಲು ಬರೆದು ಗುಂಡಿ ಒತ್ತಿದಳು.

ತೂಬು ತೆರೆಯಿತು.

“ಇದೇನು?” ಎಂದರು ಮೇಡಂ. “ನೆನ್ನೆ ಸರಿಯಾಗೇ ಇತ್ತಲ್ಲ?”

“ನಮಸ್ಕಾರ ರೀ,” ಎಂದಳು ಕನಕವ್ವ. ಎಂಜಿನಿಯರ್ ತಮಗೆ ಹೇಳಿದ್ದೆಂದು ತಲೆಯಾಡಿಸಿದರು. ಅವಳು ಗಾಬರಿಯಾಗಿ, ಮೇಜನ್ನೇ ಮೂರು ಸಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ತೋರಿಸಿದಳು. “ಹಿಂಗ. ಕೆಲಸಕ್ಕ ಮೊದಲ. ಇದು ನೀರಗಂಟಿ ಕೈ ರೀ, ನಮ್ಮ ಮಾವಂದು. ನಾನು ಅದನ್ನ ಕತ್ತರಿಸಿದ್ದೆ.”

ಪ್ರಮೀಳಾ ಮೇಡಂ ಮುಖದಿಂದ ನಿನ್ನೆಯ ನಗುವಿನ ಗುರುತೆಲ್ಲ ಅಳಿಸಿತು. “ನೀನು ಕತ್ತರಿಸಿದ್ಯಾ?”

“ಹೌದ್ರಿ. ಎಲ್ಲರದೂ.”

“ಕತ್ತರಿಸು ಅಂತ ಹೇಳಿದ್ದು ನಾನೇ,” ಎಂದರು ಮೇಡಂ.

ಮಹಾಂತಯ್ಯನವರು ಪೆನ್ನಿನ ಮುಚ್ಚಳ ತೆಗೆದೇ ಇದ್ದರು. “ಅಲ್ಲವಾ ತಂಗಿ, ನಿಮ್ಮ ಮಾವ ಹಳೇ ಕಾಲದವನು. ಈಗಿನ ದಿನದಾಗ ಗಾಜಿನ ಹಲಗಿಗೆ ಯಾರು ನಮಸ್ಕಾರ ಮಾಡ್ತಾರ? ಒಬ್ಬನ ಸಲುವಾಗಿ ಇಡೀ ಕೆಲಸ ನಿಲ್ಲಿಸೂದ?”

ಕನಕವ್ವ ಮೇಡಂ ಕಡೆ ನೋಡಿದಳು. ಮೇಡಂ ಕುರ್ಚಿಯನ್ನು ಅವಳ ಕಡೆ ತಳ್ಳಿದರು. ಅವಳು ಕೂತು ಬರೆದಳು: ಮರಳಿಸು ಕೈ-ಎಲ್ಲ. ಆಡಿಸು ತೂಬು-೭ ಕೈ-ಎಲ್ಲ.

ಹತ್ತು ನಿಮಿಷ ಕಾದರು. ಆಮೇಲೆ ಉತ್ತರ ಬಂತು. ಕೈ ೬೧೨. ಕೆಲಸಕ್ಕೆ ಮುಂಚೆಯೇ ತೂಬು ತೆರೆದವು ೩೮೮. ಕೆಳಗೆ ಅವುಗಳ ಪಟ್ಟಿ ಓಡತೊಡಗಿತು. ಪಟ್ಟಿಯ ತಲೆಯಲ್ಲೇ ಇತ್ತು ಕೈ-೧.

“ಮೊದಲನೇದು ಯಾರದು?” ಎಂದರು ಮಹಾಂತಯ್ಯನವರು.

ಕನಕವ್ವನಿಗೆ ಗೊತ್ತಿತ್ತು. ನೆಲ ನೋಡಿದಳು. ಮೇಡಂ ಹೇಳಿದರು, “ನಿಮ್ಮದೇ ಸರ್. ಉದ್ಘಾಟನೆ ದಿನ ಮೊದಲು ನೀವೇ ಕೈಗವಸು ಹಾಕ್ಕೊಂಡ್ರಿ.”

ಎಂಜಿನಿಯರ್ ತಮ್ಮ ಬಲಗೈಯನ್ನು ಬೇರೆ ಯಾರದ್ದೋ ಎಂಬಂತೆ ಎತ್ತಿ ನೋಡಿಕೊಂಡರು. ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟರು.

“ಗೇಟಿನ ಕೆಳಗ ಎಷ್ಟು ಜನ ಅದಾರ?”

“ನಲವತ್ತು ರೀ. ನಮ್ಮವ್ವನೂ ಅದಾಳ.”

“ಅವರೆಲ್ಲ ಮ್ಯಾಲ ಬರೋತನಕ ಚಕ್ರ ಬಿಚ್ಚೂದು ಬ್ಯಾಡ. ಗಾಜಿಗೂ ಒಂದು ಬೀಗ ಬೇಕು, ಅದನ್ನ ನಾವು ಮರ್ತ ಬಿಟ್ಟಿದ್ವಿ.” ಬಾಗಿಲವರೆಗೆ ಹೋಗಿ ನಿಂತರು. “ಮತ್ತ ಒಂದು ಬೋರ್ಡು ಬರಸ್ರಿ, ಗಾಜಿಗೆ ನಮಸ್ಕಾರ ಮಾಡಬಾರದು ಅಂತ.”

“ಬೋರ್ಡು ನಡಿಯಂಗಿಲ್ರಿ,” ಎಂದಳು ಕನಕವ್ವ. ತನ್ನ ದನಿ ಅಷ್ಟು ದೊಡ್ಡದಾಗಿ ಬಂದದ್ದಕ್ಕೆ ಅವಳೇ ಬೆಚ್ಚಿದಳು. “ತಾವು ಮಾಡ್ತೀವಿ ಅಂತ ಅವರಿಗೆ ಗೊತ್ತ ಇಲ್ಲ.”

ಮಹಾಂತಯ್ಯನವರು ತಮ್ಮ ಕೈಯನ್ನು ಮತ್ತೊಮ್ಮೆ ನೋಡಿಕೊಂಡು, ಬೋರ್ಡಿನ ಮಾತು ಬಿಟ್ಟು ಹೊರಗೆ ನಡೆದರು.

* * *

‘ಖಚಿತ’ವನ್ನು ಮತ್ತೆ ಮೂಲೆಗೆ ಒಯ್ದರೆ ಆ ತೊಂಬತ್ತು ಕೈ ಸೋಲುತ್ತವೆ. ಮೂರರ ಬದಲು ನಾಲ್ಕು ಸಲ ತಟ್ಟಬೇಕೆಂದರೆ, ಐದು ಸಲ ಕಣ್ಣಿಗೆ ಒತ್ತಿಕೊಳ್ಳುವ ಕೈಗಳೂ ಪಟ್ಟಿಯಲ್ಲಿದ್ದವು. ಪ್ರಮೀಳಾ ಮೇಡಂ ಎರಡು ದಿನ ಕೂತು ಏಳು ನಮೂನೆ ಮಾಡಿದರು. ಕನಕವ್ವ ಏಳನ್ನೂ ಆಡಿಸಿದಳು. ಒಂದರಲ್ಲಿ ಎಪ್ಪತ್ತು ಕೈ ಎಡವಿದವು, ಇನ್ನೊಂದರಲ್ಲಿ ನೂರು.

“ನಿನಗೇನನ್ಸುತ್ತೆ ಹೇಳಮ್ಮ,” ಎಂದರು ಮೇಡಂ, ಚಹಾದ ಲೋಟ ಅವಳ ಮುಂದೆ ಇಟ್ಟು. ಅವರೇ ಚಹಾ ತಂದುಕೊಟ್ಟದ್ದು ಅದೇ ಮೊದಲು.

“ಗಾಜಿಗೆ ಬುದ್ಧಿ ಕಲಿಸೂದು ಬ್ಯಾಡ್ರಿ. ಮುಟ್ಟಾಕ ಒಂದು ಜಾಗ ಕೊಡ್ರಿ.”

“ಜಾಗ ಅಂದ್ರೆ?”

“ಚಕ್ರ ಹೆಂಗೂ ಬಿಚ್ತೀರಿ. ಅದರ ಅಂಚಿಂದು ಒಂದು ಗೇಣು ತುಂಡು ಕೊಯ್ದು ಗಾಜಿನ ಕೆಳಗ ಕೂಡಸ್ರಿ. ಅದಕ್ಕ ತಂತಿ ಗಿಂತಿ ಏನೂ ಬ್ಯಾಡ.”

ಮೇಡಂ ಕಪ್ಪು ಪರದೆಯ ಕಡೆ ನೋಡಿದರು. “ಕೈಗನ್ನಡಿ ಇದನ್ನ ಹೇಳಲ್ಲ ಕನಕಾ. ಈ ಕೈಗಳು ಬರೀ ಗಾಜು ಮುಟ್ಟಿದವು. ಕಬ್ಬಿಣ ಕಂಡರೆ ಏನು ಮಾಡ್ತಾವೆ ಅಂತ ಅದಕ್ಕೆ ಗೊತ್ತಿಲ್ಲ.”

“ಹೌದ್ರಿ. ನಾವ ನೋಡಬೇಕು.”

ಹನ್ನೊಂದನೆಯ ದಿನ ಹೂಳಿನ ಕೆಲಸ ಮುಗಿಯಿತು. ಹೆಂಗಸರು ಬುಟ್ಟಿ ಸಲಿಕೆ ತೊಳೆದು ದಡದ ಮೇಲೆ ಸಾಲಾಗಿ ಕೂತರು. ತಲೆ ಎಣಿಸಿದರು, ನಲವತ್ತು. ಆಮೇಲಷ್ಟೇ ಮೇಲೆ ಚಕ್ರ ಬಿಚ್ಚಿದರು. ನೀರು ಬರುವುದನ್ನು ನೋಡದೆ ಹೋಗುವುದಿಲ್ಲ ಎಂದು ಹನುಮವ್ವ ಎಲೆಯಡಿಕೆ ಬಿಚ್ಚಿದಳು. ಸಂಜೆಯ ಹೊತ್ತಿಗೆ ತೂಬಿನ ಕೋಣೆಯಲ್ಲಿ ಹೊಸ ಗಾಜು ಕೂತಿತ್ತು, ಅದರ ಕೆಳಗೆ ಸವೆದು ಬೆಳ್ಳಗಾದ ಕಬ್ಬಿಣದ ಗೇಣುದ್ದದ ತುಂಡು. ಅದು ಯಾತಕ್ಕೆಂದು ಯಮನೂರಪ್ಪನಿಗೆ ಯಾರೂ ಹೇಳಿರಲಿಲ್ಲ. ಹೇಳಬಾರದೆಂದು ಕನಕವ್ವನೇ ಕೇಳಿಕೊಂಡಿದ್ದಳು.

ಅವನು ಹೊಸ ಅಂಗಿ ಹಾಕಿಕೊಂಡು ಬಂದ. “ಎಲ್ಲಾರೂ ಹಿಂಗ ನನ್ನ ಮಾರಿ ನೋಡಿದ್ರ ಗಾಜು ನಾಚಿಕೊಳ್ತೈತ್ರಿ,” ಎಂದು ಎಂಜಿನಿಯರಿಗೆ ಹೇಳಿದ. ಮಹಾಂತಯ್ಯನವರು ನಗಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ಅವನ ಕೈಯನ್ನು.

ಯಮನೂರಪ್ಪ ಗಾಜಿನ ಬೀಗ ತೆಗೆದ. ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡ. ಕೈ ಎತ್ತಿದ. ಬೆರಳು ನೇರ ವೃತ್ತದ ಕಡೆಗೇ ಹೋಯಿತು. ಗಾಜಿಗೆ ನಾಲ್ಕು ಬೆರಳು ದೂರದಲ್ಲಿ ಆ ಸೊಟ್ಟ ಬೆರಳು ನಿಂತಿತು. ಆಮೇಲೆ ತನ್ನಷ್ಟಕ್ಕೆ ಕೆಳಗಿಳಿದು ಕಬ್ಬಿಣವನ್ನು ಮುಟ್ಟಿತು, ಕಣ್ಣಿಗೆ ಹೋಯಿತು. ಮುಟ್ಟಿತು, ಕಣ್ಣಿಗೆ. ಮುಟ್ಟಿತು, ಕಣ್ಣಿಗೆ. ಗಾಜು ಕಪ್ಪಾಗಿಯೇ ಇತ್ತು.

ಆಮೇಲೆ ಅವನು ವೃತ್ತವನ್ನು ತಟ್ಟಿದ. ಒಂದು, ಎರಡು, ಮೂರು.

ಕೆಳಗೆ ಗೇಟು ಕಿರುಗುಟ್ಟಿತು. ದಡದ ಮೇಲೆ ಹೆಂಗಸರು ಹೋ ಎಂದರು. ಮಣ್ಣಿನ ಬಣ್ಣದ ನೀರು ಮೊದಲು ನಾಲಿಗೆಯಂತೆ, ಆಮೇಲೆ ಕಾಲುವೆಯಗಲ ಹರಡಿ, ಅವರು ಬೆಳಿಗ್ಗೆ ನಿಂತಿದ್ದ ಜಾಗವನ್ನು ದಾಟಿ ಹೋಯಿತು.

“ಮಾವಾ,” ಎಂದಳು ಕನಕವ್ವ, “ಆ ಕಬ್ಬಿಣ ಯಾಕ ಮುಟ್ಟಿದಿ?”

“ಯಾವ ಕಬ್ಬಿಣಬೇ?” ಎಂದ ಯಮನೂರಪ್ಪ, ನೀರಿನ ಮೇಲಿಟ್ಟ ಕಣ್ಣು ತೆಗೆಯದೆ.

ಮರುದಿನ ಕನಕವ್ವ ಎಂದಿನಂತೆ ಕೇಂದ್ರಕ್ಕೆ ಬಂದು ಕೂತಳು. ಉಳಿದ ತೂಬುಗಳ ಪರೀಕ್ಷೆ ಶುರುವಾಗುವ ಮುಂಚೆ ಒಂದು ಕೆಲಸ ಬಾಕಿಯಿತ್ತು. ಕೈ-೧ ಅನ್ನು ತೆರೆದಳು. ಹಸಿರು ಗೆರೆ ತಾನು ಹಿಂದೆ ಇಟ್ಟಲ್ಲೇ ಇತ್ತು. ಅದನ್ನು ಹಿಡಿದು ಹಿಂದಕ್ಕೆ ಎಳೆದಳು. ಮೂರನೆಯ ಸಲ ಬಂದ ಚುಕ್ಕೆಗಳನ್ನು ದಾಟಿ, ಎರಡನೆಯದನ್ನು ದಾಟಿ, ಮೊದಲನೆಯದಕ್ಕೂ ಮುಂಚೆ ತಂದು ಬಿಟ್ಟಳು.

ಕೆಲಸ ಇಲ್ಲಿಂದ ಶುರು.

ಆಮೇಲೆ ಕೈ-೨ ಅನ್ನು ತೆರೆದಳು.